ಎರಡು ಮಿಲಿಮೀಟರಿನ ಅಂತರ

ಸಹೃದಯರಾದ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಕಾಲದಲ್ಲಿ ಕೆಲವು ನಿಮಿಷಗಳನ್ನು ಯಾಚಿಸುತ್ತ, ಹೃದಯಗಳನ್ನು ಅಳೆಯುವುದೇ ಉದ್ಯೋಗವಾಗಿದ್ದ ತರುಣಿಯೊಬ್ಬಳ ವೃತ್ತಾಂತವನ್ನು ನಿವೇದಿಸುತ್ತಿದ್ದೇನೆ.

"ನನ್ನ ಎಕೋ ಇವರು ತೆಗೀಬಾರದು!"

ಆಸ್ಪತ್ರೆಯ ಪಡಸಾಲೆಯಲ್ಲಿದ್ದವರೆಲ್ಲ ಕೂಗಿದ ತರುಣನತ್ತ ತಿರುಗಿ ನೋಡಿದರು. ಅವನ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದ ನಮ್ಮ ತರುಣಿಯ ಮುಖ ಸುಣ್ಣದಂತೆ ಬಿಳಿಚಿತು.

ಮೂರು ವರ್ಷ! ಆರು ತಿಂಗಳಿಗೊಮ್ಮೆ ಎಕೋ ಯಂತ್ರದ ಪರದೆಯ ಮೇಲೆ ಆ ಹೃದಯವನ್ನು ಅಳೆದವಳು ಅವಳೇ. ತಾಯಿಯ ಕಡೆಯಿಂದ ಬಂದ ಅಪರೂಪದ ಕಾಯಿಲೆ ಅವನದು. ಒಂದು ಬಗೆಯ ಕೊಬ್ಬನ್ನು ಕರಗಿಸುವ ಕಿಣ್ವವೇ ಮೈಯಲ್ಲಿಲ್ಲ; ಆ ಕೊಬ್ಬು ವರ್ಷದಿಂದ ವರ್ಷಕ್ಕೆ ಹೃದಯದಲ್ಲಿ ಸೇರಿ ಗೋಡೆಯನ್ನು ದಪ್ಪವಾಗಿಸುತ್ತದೆ. ಸೋದರಮಾವ ಅದರಿಂದಲೇ ತೀರಿಕೊಂಡಿದ್ದ. ಇವನಿಗೆ ಹದಿನೈದು ದಿನಕ್ಕೊಮ್ಮೆ ಆ ಕಿಣ್ವದ ಡ್ರಿಪ್. ಕಾಯಿಲೆಯಿಂದಾಗಿ ಬೆವರದ ಮೈ ಸೆಕೆ ತಡೆಯದೆಂದು ಐಸ್ ಕಾರ್ಖಾನೆಯಲ್ಲಿ ಕೆಲಸ.

"ಐಸ್ ಸಾಹೇಬ್ರು ಬಂದ್ರು!" ಎಂದು ಅವಳು ಛೇಡಿಸಿದರೆ, "ಕರಗಿಸಬೇಡಿ ಮೇಡಂ" ಎನ್ನುತ್ತಿದ್ದವನು...

ಈಗ ಹೀಗೇಕೆ?

ಕಳೆದ ಬಾರಿ ಗೋಡೆಯ ದಪ್ಪ ಹದಿಮೂರರಿಂದ ಹದಿನೈದು ಮಿಲಿಮೀಟರಿಗೆ ಏರಿತ್ತು. ಅಳೆಯುವವರು ಮುಖದಲ್ಲಿ ಏನನ್ನೂ ತೋರಗೊಡಬಾರದೆಂಬುದು ಅಲ್ಲಿನ ಕಟ್ಟಳೆ. ಆದರೆ ಅವಳ ಕಣ್ಣು ತುಂಬಿತ್ತು. ಅವನು ಅದನ್ನು ನೋಡಿದ್ದ!

"ನನ್ನ ಮೇಲೆ ಕೋಪಾನಾ?" ಮೆಲ್ಲನೆ ಕೇಳಿದಳು.

"ಕೋಪ ಅಲ್ಲ. ನಾನು ಮುಗಿದು ಹೋಗೋದನ್ನ ನೀವು ಮಿಲಿಮೀಟರ್ ಲೆಕ್ಕದಲ್ಲಿ ನೋಡ್ತಾ ಕೂರೋದು ಬೇಡ. ನನ್ನನ್ನ ಮರ್ತುಬಿಡಿ."

ಅವನು ಅವಳ ಹಿರಿಯ ಸಹೋದ್ಯೋಗಿಯ ಕೋಣೆಗೆ ಹೋದ. ಬಾಗಿಲು ಮುಚ್ಚಿಕೊಂಡಿತು. 'ಮರೆಯುವುದೇ? ಹೇಗೆ...?' ಬೆಂಚಿನ ಮೇಲೆ ಅವಳು ಕುಸಿದಳು.

ಅರ್ಧ ಗಂಟೆಯ ಬಳಿಕ, ಎಲ್ಲರೂ 'ಅಕ್ಕ' ಎನ್ನುವ ಆ ಹಿರಿಯಳು ಹೊರಬಂದು ಅವಳ ಕಿವಿ ಹಿಂಡಿದಳು.

"ಹದಿಮೂರೇ ಕಣೇ! ಹಳೇ ಚಿತ್ರಾನೂ ತೆಗೆದು ನೋಡ್ದೆ. ಹೋದ ಸಲ ಓರೆಯಾಗಿ ಹಿಡಿದು ಅಳೆದಿದ್ದೀಯ. ಸೌತೆಕಾಯಿನ ಓರೆಯಾಗಿ ಹೆಚ್ಚಿದ್ರೆ ಬಿಲ್ಲೆ ದೊಡ್ಡದಾಗಿ ಕಾಣಲ್ವಾ? ಹಾಗೆ! ಎಷ್ಟು ವರ್ಷ ಪಳಗಿದ ಕೈಯೇ ನಿಂದು!"

"ನಡುಗಿತು ಅಕ್ಕ..."

"ಯಾರಿಗೂ ನಡುಗದ್ದು ಇವನೊಬ್ಬನಿಗೆ ಯಾಕೆ ನಡುಗ್ತು?"

ಅವಳು ತಲೆ ತಗ್ಗಿಸಿದಳು. ಅಕ್ಕನಿಗೆ ಉತ್ತರ ಸಿಕ್ಕಿತು!

ಅಷ್ಟರಲ್ಲಿ ಅವನೂ ಹೊರಬಂದ. ಡಾಕ್ಟರ ಕೋಣೆಯ ನರ್ಸ್ ಅವನತ್ತ ಕೈ ತೋರಿ ಕೂಗಿದಳು: "ಇವರ ಕಡೆಯವರು ಯಾರಾದ್ರೂ ಇದ್ದೀರಾ?"

"ಯಾರೂ ಇಲ್ಲ ಸಿಸ್ಟರ್, ನಾನು ಒಬ್ನೇ—"

"ಇದ್ದೀನಿ! ನಾನಿದ್ದೀನಿ!"

ಪಡಸಾಲೆ ಮತ್ತೊಮ್ಮೆ ತಿರುಗಿ ನೋಡಿತು. ಅವಳು ಅವನೆದುರು ನಿಂತು ಏದುಸಿರು ಬಿಡುತ್ತಿದ್ದಳು.

"ತಪ್ಪು ಅಳತೆ ಕೊಟ್ಟು ಆರು ತಿಂಗಳು ನಿಮ್ಮನ್ನ ಗೋಳಾಡಿಸಿದೆ. ಕ್ಷಮಿಸಿ..."

"ಹದಿಮೂರು ಅಂದ ಮಾತ್ರಕ್ಕೆ ಕಾಯಿಲೆ ಹೋಗಲ್ಲ ಕಣ್ರೀ."

"ಅದು ಹೋಗದೇ ಇದ್ರೂ ಸರಿ. ನೀವು ಹೋಗಬೇಡಿ."

"ನಂಗೆ ಹುಟ್ಟೋ ಪ್ರತಿ ಮಗಳಿಗೂ ಇದರ ಪಾಲು ಹೋಗುತ್ತೆ. ಗೊತ್ತು ತಾನೇ?"

"ಗೊತ್ತು. ಮೊದಲೇ ಗೊತ್ತಿದ್ರೆ ಮೊದಲೇ ನೋಡ್ಕೋಬಹುದು. ನಿಮ್ಮ ಮಾವನಿಗೆ ಆ ಭಾಗ್ಯ ಇರಲಿಲ್ಲ."

ಅವನು ಅವಳ ಕೈ ಹಿಡಿದ. ಅದು ಇನ್ನೂ ನಡುಗುತ್ತಿತ್ತು!

"ಈ ಕೈಯಲ್ಲಿ ನನ್ನ ಎಕೋ ತೆಗೆದ್ರೆ ದೇವರೇ ಗತಿ."

"ಇನ್ನು ಮೇಲೆ ಅಕ್ಕ ತೆಗೀತಾರೆ. ನಾನು ಹೊರಗಡೆ ಬೆಂಚಲ್ಲಿ ಕೂತಿರ್ತೀನಿ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಇಬ್ಬರೂ ಡಾಕ್ಟರ ಕೋಣೆಯೊಳಗೆ ಹೋದರು, ವಾಚಕರೇ. ಅಲ್ಲಿ ನನಗಾಗಲಿ ತಮಗಾಗಲಿ ಕೆಲಸವಿಲ್ಲ. ಮುಂದಿನ ಊರಿಗೆಂದು ನನ್ನ ಬಟ್ಟೆಬರೆ ಚೀಲಕ್ಕೆ ತುರುಕಿ ಹೆಗಲಿಗೇರಿಸಿದ್ದಾಗಿದೆ. ಬಸ್ಸು ಹಾರನ್ ಹೊಡೆಯುತ್ತಿದೆ, ಹೊರಟೆ!