ಗೋಲಿನ ಮುಂದೆ ನಿಂತ ಹುಡುಗಿ

"ಅಯ್ಯಪ್ಪಾ! ಇವಳೇನು ಹುಡುಗೀನಾ, ರೋಡ್ ರೋಲರಾ!"

ಕೆಸರಿನಲ್ಲಿ ಅಂಗಾತ ಬಿದ್ದಿದ್ದ ಶಮಂತ್ ಕನ್ನಡದಲ್ಲೇ ಗೊಣಗಿದ. ಪುಣೆಯ ಈ ಮೈದಾನದಲ್ಲಿ ತನ್ನ ಮಾತು ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ ಅವನದು.

ಅವನ ಕಾಲಿನಿಂದ ಚೆಂಡು ಕಸಿದುಕೊಂಡು ಹೋಗಿದ್ದ ಹುಡುಗಿ ಥಟ್ಟನೆ ತಿರುಗಿ ನಿಂತಳು. ಎತ್ತಿ ಕಟ್ಟಿದ ಜಡೆ, ಕೆನ್ನೆಯ ಮೇಲೆ ಕೆಸರಿನ ಗೀರು, ಉರಿಯುವ ಕಣ್ಣು.

"ರೋಡ್ ರೋಲರ್ ಅಲ್ರೀ... ಡಿಫೆಂಡರ್!"

ಶಮಂತ್‌ನ ಎದೆ ಧಸಕ್ಕೆಂದಿತು. ಕನ್ನಡ! ಅದೂ ಇಷ್ಟು ಖಾರದ ಕನ್ನಡ!

ಮುಖ ಉಳಿಸಿಕೊಳ್ಳಲು ಅವನು ರೆಫ್ರಿಯ ಕಡೆ ಕೈ ಎತ್ತಿದ. "ಸರ್, ಫೌಲ್!"

"ಫೌಲ್ ನಾಹೀ! ಖೇಳಾ, ಖೇಳಾ!" ಆಟ ಮುಂದುವರಿಸಿ ಎಂದು ಕೈಬೀಸಿ ರೆಫ್ರಿ ನಗುತ್ತಲೇ ಓಡಿಹೋದ.

ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯೊಂದರ ವಾರ್ಷಿಕ ಕ್ರೀಡಾಕೂಟ ಅದು. ಆಫೀಸಿನ ಹುಡುಗರ ತಂಡಕ್ಕೂ ಪುಣೆಯ ಮಹಿಳಾ ಫುಟ್‌ಬಾಲ್ ಕ್ಲಬ್ಬಿಗೂ ಒಂದು ಸ್ನೇಹಪಂದ್ಯ ಇಟ್ಟಿದ್ದರು. ತಿಪಟೂರಿನ ಶಮಂತ್ ಅಲ್ಲಿ ಟೆಸ್ಟಿಂಗ್ ಇಂಜಿನಿಯರ್, ಆಫೀಸಿನ ಟೂರ್ನಮೆಂಟುಗಳಲ್ಲಿ ಗೋಲು ಹೊಡೆದು ಹೊಡೆದು ಹೀರೋ ಆಗಿದ್ದವನು. 'ಹುಡುಗೀರು ತಾನೇ, ಸ್ವಲ್ಪ ನೋಡ್ಕೊಂಡು ಆಡೋಣ' ಎಂದು ಬೆಳಿಗ್ಗೆ ಗೆಳೆಯರಿಗೆ ಬುದ್ಧಿ ಬೇರೆ ಹೇಳಿದ್ದ.

ಆ ಹುಡುಗಿಯೇ ಶೈಲಾ. ಕ್ಲಬ್ಬಿನ ನಾಯಕಿ. ವೃತ್ತಿಯೇ ಫುಟ್‌ಬಾಲ್.

ಪಂದ್ಯ ಮುಗಿಯುವವರೆಗೂ ಅವನಿಗೆ ಅವಳನ್ನು ದಾಟಿ ಹೋಗಲಾಗಲಿಲ್ಲ. ಎಡಕ್ಕೆ ಹೊರಳಿದರೆ ಅಲ್ಲಿ ಶೈಲಾ. ಬಲಕ್ಕೆ ಹೊರಳಿದರೆ ಅಲ್ಲೂ ಶೈಲಾ! ಕೊನೆಗೆ ಕುಂಟುತ್ತಾ ಅವಳ ಮುಂದೆ ಬಂದು ನಿಂತ.

"ಸಾರಿ ಕಣ್ರೀ... ಆ ಮಾತು ಬಾಯಿ ತಪ್ಪಿ ಬಂತು."

ಶೈಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೂಡ್ರಿ ಇಲ್ಲಿ. ಕಾಲು ತೋರಸ್ರಿ."

ಅವಳು ಅವನ ಪಾದವನ್ನು ಅತ್ತಿತ್ತ ಹೊರಳಿಸಿ, ಕಣಕಾಲಿನ ಗಂಟು ಒತ್ತಿ ನೋಡಿದಳು.

"ಎಲುಬು ಮುರದಿಲ್ಲ," ಎಂದಳು. "ಸೊಕ್ಕು ಮುರದದ, ಅಷ್ಟ. ಐಸ್ ಇಟ್ಟರ ಇಳೀತದ."

ಪಕ್ಕದಲ್ಲಿದ್ದ ಇನ್ನೊಬ್ಬ ಕನ್ನಡತಿ, ಗೋಲ್‌ಕೀಪರ್ ಹರ್ಷಿತಾ ಕಿಸಕ್ಕನೆ ನಕ್ಕಳು. ಶಮಂತ್ ಕೂಡ ನಕ್ಕುಬಿಟ್ಟ. ಮುನಿಸಿಲ್ಲದ ಆ ನಗು ಶೈಲಾಳಿಗೆ ಯಾಕೋ ಹಿಡಿಸಿತು. 'ಬಿದ್ದ ಮ್ಯಾಲೂ ಹಿಂಗ ನಗೋ ಗಂಡಸರು ಎಷ್ಟು ಮಂದಿ ಇದ್ದಾರು!'

* * *

ಮುಂದಿನ ವಾರ ಪಿಂಪರಿಯ ಮೈದಾನದಲ್ಲಿ ಲೀಗ್ ಪಂದ್ಯ. ಗ್ಯಾಲರಿಯಲ್ಲಿ ಇದ್ದದ್ದೇ ಬೆರಳೆಣಿಕೆಯ ಜನ. ಅವರ ನಡುವೆ ಶಮಂತ್!

ಪಂದ್ಯ ಮುಗಿದ ಮೇಲೆ ಎಲ್ಲರೂ ಗೋಲು ಹೊಡೆದ ಹುಡುಗಿಯನ್ನು ಮುತ್ತಿಕೊಂಡರು. ಅವನು ನೇರವಾಗಿ ಶೈಲಾಳ ಬಳಿ ಬಂದ.

"ಒಂದು ಕೇಳ್ಲಾ? ಎದುರು ಟೀಮಿನ ಆ ಏಳನೇ ನಂಬರ್ ಹುಡುಗಿ ಒಳಗೆ ತಿರುಗ್ತಾಳೆ ಅಂತ ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ? ಅವಳು ಬರೋಕ್ಕೆ ಮುಂಚೇನೇ ನೀವು ಅಲ್ಲಿ ಹೋಗಿ ನಿಂತ್ರಿ. ಅವಳು ಚೆಂಡು ಹಿಂದಕ್ಕೆ ಕೊಟ್ಟುಬಿಟ್ಲು."

ಬೂಟಿನ ದಾರ ಬಿಚ್ಚುತ್ತಿದ್ದ ಶೈಲಾಳ ಕೈ ನಿಂತಿತು.

ಇಷ್ಟು ವರ್ಷ ಆಡಿದ್ದಳು. ಹೊಗಳಿದವರಿದ್ದರು, ಬೈದವರೂ ಇದ್ದರು. ಆದರೆ ಗೋಲು ಆಗದೇ ಹೋದ ಒಂದು ಗಳಿಗೆಯನ್ನು ಹೀಗೆ ಕಣ್ಣಿಟ್ಟು ನೋಡಿದವರು...?

"ನಿಮಗ ಹೆಂಗ ಕಾಣಿಸ್ತು ಅದು?"

"ನನ್ನ ಕೆಲಸಾನೂ ಅದೇ ರೀ. ತಪ್ಪು ಆಗೋಕ್ಕೆ ಮುಂಚೆ ಹಿಡೀಬೇಕು. ಹಿಡಿದ್ರೆ ಯಾರೂ ಕೇಳಲ್ಲ. ಬಿಟ್ರೆ ಎಲ್ಲರೂ ಬೈತಾರೆ!"

ಶೈಲಾ ಮನಸಾರೆ ನಕ್ಕಳು.

ಅಲ್ಲಿಂದ ಶುರುವಾಯಿತು. ಅಭ್ಯಾಸ ಮುಗಿದ ಮೇಲೆ ವಾಕಡದ ಹೋಟೆಲಿನಲ್ಲಿ ಮಿಸಳ್, ಚಹಾ, ಮುಗಿಯದ ಮಾತು. ಅವನ ಬೆಂಗಳೂರು ಕಡೆಯ ಕನ್ನಡವನ್ನು ಅವಳು ಆಡಿಕೊಳ್ಳುತ್ತಿದ್ದಳು, ಅವಳ ಇಂಡಿ ಸೀಮೆಯ ಕನ್ನಡಕ್ಕೆ ಅವನು ಮನಸೋಲುತ್ತಿದ್ದ.

ಹೀಗೇ ಒಂದು ಸಂಜೆ ಅವಳು ತನ್ನ ಕತೆ ಹೇಳಿದಳು. ಮೂಲತಃ ಇಂಡಿ ಕಡೆಯ ಅಪ್ಪ ಕಾಡಪ್ಪ ಪುಣೆ ಹತ್ತಿರದ ದೌಂಡಿನಲ್ಲಿ ರೈಲ್ವೆ ನೌಕರ. ಅಲ್ಲಿನ ರೈಲ್ವೆ ಮೈದಾನದಲ್ಲಿ ಹುಡುಗರ ಜೊತೆ ಆಡುವುದಕ್ಕೆ ಹೋದರೆ ಗೋಲು ಹೊಡೆಯುವ ಜಾಗ ಯಾರೂ ಬಿಟ್ಟುಕೊಡುತ್ತಿರಲಿಲ್ಲ.

"'ನೀ ಹಿಂದ ನಿಂದ್ರು ಹೋಗ' ಅಂತಿದ್ರು. ನಿಂತೆ. ಹಂಗ ನಿಂತಾಕಿ ನಿಂತೇ ಬಿಟ್ಟೆ ನೋಡ್ರಿ! ಅಲ್ಲಿಂದ ಜಿಲ್ಲಾ ಟೀಮು, ಯೂನಿವರ್ಸಿಟಿ, ಆಮ್ಯಾಲೆ ಕ್ಲಬ್ಬು. ಒಮ್ಮೆ ದೇಶದ ಟೀಮಿನ ಕ್ಯಾಂಪಿಗೂ ಕರದಿದ್ರು."

"ಮತ್ತೆ?"

"ಹೋಗೂದಕ್ಕ ಮೊದಲ ಮೊಣಕಾಲು ಹೋತು." ಅವಳ ದನಿ ತಗ್ಗಿತು. "ದೌಂಡಿನಾಗ ಆಡಾಕ್ಹತ್ತಿದ್ದೆ. ಅವ್ವ ನೋಡಾಕ ಬಂದಿದ್ಲು. ಅಕಿ ಕಣ್ಣ ಮುಂದ ನನ್ನ ಸ್ಟ್ರೆಚರ್ ಮ್ಯಾಲೆ ಹೊತ್ತು ಒಯ್ದ್ರು. ಆಪರೇಷನ್ ಆತು, ವರ್ಷಗಟ್ಟಲೆ ಮನ್ಯಾಗ ಕುಂತೆ. ಮತ್ತ ಆಡತೀನಿ ಅಂದಾಗ ಅವ್ವ ಮಾತ ಬಿಟ್ಟಿದ್ಲು. ಇವತ್ತಿನ ತನಕಾ ನನ್ನ ಮ್ಯಾಚಿಗೆ ಬಂದಿಲ್ಲ."

ಶಮಂತ್ ಅವಳ ಆರಿದ ಚಹಾ ಬದಿಗಿಟ್ಟು ಬಿಸಿಯದು ತರಿಸಿದ. ಅಷ್ಟೇ ಸಾಕಾಯಿತು ಶೈಲಾಳಿಗೆ. 'ಇವನ್ನ ಮನಿಗೆ ಕರಕೊಂಡು ಹೋಗಬೇಕು' ಎಂದು ಆ ಗಳಿಗೆಯಲ್ಲೇ ನಿರ್ಧರಿಸಿಬಿಟ್ಟಳು.

* * *

ದೌಂಡಿನ ಮನೆಯಲ್ಲಿ ಕಾಡಪ್ಪ ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡರು. ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ. ಶಮಂತ್ ಬೆವರು ಒರೆಸಿಕೊಳ್ಳುತ್ತಲೇ ಖಾರ ತಿಂದ. ಎಲ್ಲರೂ ನಗುತ್ತಿದ್ದರು.

ಆಗ ಶೈಲಾಳ ಅವ್ವ ಭೀಮವ್ವ ರೊಟ್ಟಿ ಬಡಿಸುತ್ತಾ ತಡೆದು ಕೇಳಿದರು.

"ಅಲ್ರಿ ತಮ್ಮಾ... ಮದುವಿ ಆದ ಮ್ಯಾಲೆ ಇಕಿಗೆ ಆಟ ಬಿಡಸ್ತೀರಿಲ್ರಿ?"



ಶೈಲಾ ಶಮಂತ್‌ನ ಮುಖ ನೋಡಿದಳು. 'ಹೇಳು... ಒಂದ ಮಾತು ಹೇಳು! ಬಿಡಸೂದಿಲ್ಲ ಅನ್ನು!'

ಶಮಂತ್ ತಲೆ ಎತ್ತಿ ಭೀಮವ್ವನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ತಟ್ಟೆಯ ಕಡೆ ನೋಡುತ್ತಾ ಕುಳಿತುಬಿಟ್ಟ.

ಕಾಡಪ್ಪನೇ ಮಾತು ಬದಲಿಸಿದರು. ಆದರೆ ಶೈಲಾ ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದಳು.

ಸಂಜೆ ದೌಂಡ್ ಸ್ಟೇಷನ್ನಿನಲ್ಲಿ ಅವಳ ಸಿಟ್ಟು ಕಟ್ಟೆಯೊಡೆಯಿತು.

"ಯಾಕ ಸುಮ್ಮ ಕುಂತ್ರಿ?"

"ಶೈಲಾ, ಅಲ್ಲಿ ಏನಾಯ್ತು ಅಂದ್ರೆ..."

"ಏನಾತು? ನಿಮಗೂ ಅದ ಬೇಕಾಗಿತ್ತು, ಹೌದಿಲ್ಲೋ? ಮೈದಾನದಾಗ ಎಲ್ಲಾರ ಸಲುವಾಗಿ ನಾ ಅಡ್ಡ ನಿಂದರ್ತೀನ್ರಿ. ನನ್ನ ಸಲುವಾಗಿ ಒಬ್ರು, ಒಂದ ಸಲ... ನಿಲ್ಲಬಾರದೇನು?"

"ನಾನು ಹೇಳೋದು ಸ್ವಲ್ಪ ಕೇಳಿ!"

"ಹೇಳೂ ಹೊತ್ತಿನಾಗ ಹೇಳಲಿಲ್ಲ. ಈಗ ಬ್ಯಾಡ!"

ರೈಲು ಬಂತು. ಅವಳು ಮಹಿಳಾ ಬೋಗಿ ಹತ್ತಿದಳು.

* * *

ಅವನ ಫೋನು ಬಂದಾಗಲೆಲ್ಲ ಶೈಲಾ ಕಟ್ ಮಾಡಿದಳು. ಅಭ್ಯಾಸದಲ್ಲಿ ಎಷ್ಟು ಜೋರಾಗಿ ಆಡಿದಳೆಂದರೆ ಹರ್ಷಿತಾ ಕೈಮುಗಿದಳು.

"ತಾಯೀ, ನಾನು ನಿನ್ನ ಟೀಮೇ! ಸ್ವಲ್ಪ ಕರುಣೆ ಇರಲಿ!"

ಅದೇ ದಿನಗಳಲ್ಲಿ ಕೋಳಿಕ್ಕೋಡಿನ ದೊಡ್ಡ ಕ್ಲಬ್ಬೊಂದು ಅವಳನ್ನು ಕರೆಯಿತು. ಮುಂದಿನ ಸೀಸನ್ ಅಲ್ಲಿ ಚೆನ್ನಾಗಿ ಆಡಿದರೆ ದೇಶದ ತಂಡದ ಬಾಗಿಲು ಮತ್ತೆ ತೆರೆಯಬಹುದು ಎಂದರು ಕೋಚ್. ಶೈಲಾ ಒಪ್ಪಿಕೊಂಡಳು. ಖುಷಿಯಿಂದ ಕುಣಿಯಬೇಕಾದ ಸುದ್ದಿ! ಆದರೆ ಮೊದಲು ಯಾರಿಗೆ ಹೇಳಬೇಕೆಂದು ಫೋನ್ ಎತ್ತಿದವಳು ಅವನ ಹೆಸರಿನ ಮೇಲೆ ಬೆರಳಿಟ್ಟು... ಹಾಗೇ ಕೆಳಗಿಟ್ಟಳು.

'ಅವನಿಗ್ಯಾಕ? ಅವನೇನು ನನ್ನವನಾ?'

ಮನಸ್ಸು ಮಾತ್ರ 'ಹೌದು' ಎಂದೇ ಹೇಳುತ್ತಿತ್ತು.

ಲೀಗಿನ ಫೈನಲ್ ದಿನ ಬಂತು. ಪಿಂಪರಿಯ ಮೈದಾನ ಅಂದು ಮೊದಲ ಬಾರಿಗೆ ತುಂಬಿತ್ತು. ತಂಡದ ಮುಂದೆ ನಡೆದು ಬರುತ್ತಿದ್ದ ಶೈಲಾ ಸುಮ್ಮನೆ ಗ್ಯಾಲರಿಯ ಕಡೆ ಕಣ್ಣು ಹಾಯಿಸಿದಳು. ಹೆಜ್ಜೆ ತಪ್ಪಿತು!

ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು... ಅವ್ವ! ಅವಳ ಪಕ್ಕದಲ್ಲಿ ಒಂದು ಬುತ್ತಿ ಹಿಡಿದುಕೊಂಡು... ಶಮಂತ್!

"ಹರ್ಷಿತಾ, ನಂಗೇನರೆ ಹುಚ್ಚು ಹಿಡದದೇನ?"

"ಅದು ಗೊತ್ತಿರೋ ವಿಷಯವೇ. ಈಗ ಆಟ ಆಡು ಬಾ!"

ಶೈಲಾಳ ತಂಡ ಒಂದು ಗೋಲಿನಿಂದ ಮುಂದಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಎದುರಾಳಿಯ ಹುಡುಗಿಯೊಬ್ಬಳು ಎಲ್ಲರನ್ನೂ ದಾಟಿ ನುಗ್ಗಿದಳು. ಮುಂದೆ ಹರ್ಷಿತಾ ಒಬ್ಬಳೇ. ಶೈಲಾ ಪಕ್ಕದಿಂದ ಓಡಿದಳು. ಜಾರಿಯೇ ತಡೆಯಬೇಕು. ಅದೂ ಆಪರೇಷನ್ ಆದ ಕಾಲಿನ ಮೇಲೆ!

ಜಾರಿದಳು.

ಚೆಂಡು ಹೊರಗೆ ಹೋಯಿತು. ಹುಡುಗಿಯರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು.

ಗ್ಯಾಲರಿಯಲ್ಲಿ ಭೀಮವ್ವ ಎದ್ದು ನಿಂತರು. ಬಾಯಿಗೆ ಸೆರಗು ಒತ್ತಿಕೊಂಡರು. ಶಮಂತ್ ಅವರ ಕೈ ಗಟ್ಟಿಯಾಗಿ ಹಿಡಿದ.

ಶೈಲಾ ಮಂಡಿಯ ಮೇಲೆ ಎದ್ದಳು. ಕಾಲು ಒಮ್ಮೆ ಮಡಚಿ, ಚಾಚಿ ನೋಡಿದಳು. ಎದ್ದು ನಿಂತಳು! ಬಿದ್ದಿದ್ದ ಎದುರಾಳಿಗೆ ಕೈ ಕೊಟ್ಟು ಎಬ್ಬಿಸಿದಳು.

"ನಮ್ಮ ಶೈಲವ್ವ!" ಭೀಮವ್ವನ ಕೂಗು ಇಡೀ ಗ್ಯಾಲರಿಗೆ ಕೇಳಿಸಿತು. "ಅಕಿ ನನ್ನ ಮಗಳ್ರಿ! ಮಾಝೀ ಮುಲಗೀ!"

* * *

ಕಪ್ ಎತ್ತಿದ ಗದ್ದಲ ಮುಗಿಯುತ್ತಲೇ ಶೈಲಾ ಅವ್ವನ ಬಳಿ ಓಡಿದಳು. ಭೀಮವ್ವ ಕೆಸರು ಮೆತ್ತಿದ ಮಗಳನ್ನು ಹಾಗೇ ತಬ್ಬಿಕೊಂಡರು.

"ನೀ ಹೆಂಗ ಬಂದಿ ಅವ್ವಾ?"

"ಈ ಹುಡುಗ ಕರಕೊಂಡು ಬಂದಾನವ್ವಾ. ನೀವು ಜಗಳಾಡಿ ಹೋದ ಮುಂದಿನ ಐತವಾರ ಒಬ್ಬನ ದೌಂಡಿಗೆ ಬಂದಿದ್ದ. ಅಡಿಗಿ ಮನ್ಯಾಗ ಕುಂತು, 'ನೀವು ಆವತ್ತು ಆಟ ಬಿಡಿಸ್ತೀರಾ ಅಂತ ಕೇಳಿದ್ದು ಸಿಟ್ಟಿಂದ ಅಲ್ಲ, ಭಯದಿಂದ ಅಲ್ವಾಮ್ಮ' ಅಂದ. ನಂಗ ಅಳೂನ ಬಂತು. ಖರೇ ಅದ ಶೈಲಾ. ಟೀವಿದಾಗ ಫುಟ್‌ಬಾಲ್ ಬಂದರೂ ನಂಗ ನಿನ್ನ ಸ್ಟ್ರೆಚರ್ ಕಾಣತದ."

ಶೈಲಾ ಅವ್ವನ ಕೈ ಹಿಡಿದುಕೊಂಡಳು. ಅವ್ವನ ಕೋಪವನ್ನಷ್ಟೇ ಕಂಡಿದ್ದಳು. ಅದರ ಹಿಂದಿನ ಭಯ ಅವಳಿಗೆ ಎಂದೂ ಕಂಡಿರಲಿಲ್ಲ...

"ಮತ್ತ ಇವ್ರೇನಂದ್ರು?"

"'ಒಂದ್ಸಲ ಬಂದು ನೋಡಿ, ನಾನೂ ಪಕ್ಕದಲ್ಲಿ ಕೂತಿರ್ತೀನಿ. ನೋಡಿದ ಮೇಲೂ ಬೇಡ ಅನಿಸಿದ್ರೆ ನೀವೇ ಅವರಿಗೆ ಹೇಳಿ. ನಾನು ಮಾತ್ರ ಯಾವತ್ತೂ ಆಟ ಬಿಡು ಅನ್ನಲ್ಲ' ಅಂದ. ಬರೂ ಧೈರ್ಯ ಆಗತದೋ ಇಲ್ಲೋ ಅಂತ ನಾನ ನಿಂಗ ಹೇಳಬ್ಯಾಡ ಅಂದಿದ್ದೆ." ಭೀಮವ್ವ ಬುತ್ತಿ ಎತ್ತಿಕೊಂಡರು. "ನಾ ಆ ಹುಡುಗ್ಯಾರಿಗೆ ಹೋಳಿಗಿ ಕೊಟ್ಟು ಬರ್ತೀನಿ. ನೀವು ಮಾತಾಡ್ರಿ."

ಈಗ ಇಬ್ಬರೇ.

"ಆವತ್ತು ನಿಮ್ಮಮ್ಮ ಕೇಳುವಾಗ ಅವರ ಕಣ್ಣು ನಿಮ್ಮ ಮೊಣಕಾಲಿನ ಮೇಲಿತ್ತು," ಎಂದ ಶಮಂತ್ ಮೆಲ್ಲಗೆ. "ಕೈಯಲ್ಲಿದ್ದ ರೊಟ್ಟಿ ನಡುಗ್ತಾ ಇತ್ತು. ಅವರಿಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಆದ್ರೆ ನಿಮ್ಮ ಕಣ್ಣು ನನ್ನ ಮೇಲಿತ್ತು ಅನ್ನೋದನ್ನ ನಾನು ನೋಡ್ಲೇ ಇಲ್ಲ. ಒಂದು ಮಾತು ಹೇಳ್ಬೇಕಿತ್ತು. ತಪ್ಪಾಯ್ತು."

"ನಂದೂ ತಪ್ಪದ್ರಿ. ಸ್ಟೇಷನ್ನಿನಾಗ ನಿಮ್ಮ ಮಾತು ಕೇಳಲೇ ಇಲ್ಲ." ಅವಳು ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಮಣ್ಣಾಯಿತು. "ಶಮಂತ್... ಕೋಳಿಕ್ಕೋಡಿಗೆ ಕರದಾರ. ನಾ ಹೂಂ ಅಂದೀನಿ."

ಅವನ ಮುಖ ಒಂದು ಗಳಿಗೆ ಇಳಿಯಿತು. ಮರುಗಳಿಗೆ ಅಗಲವಾಗಿ ಅರಳಿತು.

"ಇದನ್ನ ಇಷ್ಟು ನಿಧಾನಕ್ಕಾ ಹೇಳೋದು! ಹೋಗಿ, ಆಡಿ! ರಜೆ ಹಾಕಿ ಬರ್ತೀನಿ. ಅಮ್ಮನ್ನೂ ಕರ್ಕೊಂಡು ಬರ್ತೀನಿ."

"ದೂರ ಆಗತದಲ್ರೀ..."

"ಆಗುತ್ತೆ. ಬೇಜಾರೂ ಆಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ಶೈಲಾ, ನಂಗೆ ನೀವು ಇಷ್ಟ. ಎಲ್ಲಿದ್ರೂ ಇಷ್ಟ. ಮದುವೆ ಆಗ್ತೀರಾ?"

ಅವಳ ಎದೆ ಓಟದಲ್ಲೂ ಇಷ್ಟು ಬಡಿದುಕೊಂಡಿರಲಿಲ್ಲ!

"ಆಗತೀನಿ. ಆದ್ರ ಒಂದು..."

"ಏನು?" ಅವನು ಗಾಬರಿಯಾದ.

"ಈ 'ನೀವು, ಬರ್ರಿ, ಹೋಗ್ರಿ' ಸಾಕಾತು. ನೀನು ಅನ್ನು ನಂಗ."

"ನೀನು..." ಅವನು ಹೇಳಿ ನೋಡಿದ. ಕಿವಿಯವರೆಗೂ ಕೆಂಪಾದ. "ನೀನು ಮುಖ ತೊಳ್ಕೊಂಡು ಬನ್ನಿ."

ಶೈಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತನ್ನ ಮಣ್ಣಿನ ಕೈಯನ್ನು ಅವನ ಕೈಯೊಳಗಿಟ್ಟಳು.

"ಬನ್ನಿ ಅಲ್ಲೋ ಹುಚ್ಚಾ... ಬಾ."

"ಬಾ," ಎಂದ ಅವನು.