ಸೀತಕ್ಕನ ಐದು ದಿನ

"ಹ್ವಾಯ್, ಆಚೆ ದಡದಲ್ ಹಸ್ರು ಸೀರಿ ಕಾಂತಿತ್ತ್! ನಮ್ ವನಜನ ಬಯಕೆ ಸೀರಿ! ನೀವ್ ಇನ್ನೂ ಕೂತ್ಕಂಡೇ ಇದ್ರ್ಯಾ?"

ಗುಣವತಿ ಗೋಡೆಗೆ ಒರಗಿಸಿದ್ದ ಹುಟ್ಟನ್ನು ತಂದು ಗಂಡನ ಕಾಲ ಬುಡಕ್ಕೆ ಎಸೆದಳು. ಸೂರ ಎದ್ದ, ಮತ್ತೆ ಕುಳಿತ, ಮತ್ತೆ ಎದ್ದ. ಗಂಗೊಳ್ಳಿಯ ಕಡವಿನಲ್ಲಿ ಇಪ್ಪತ್ತು ವರ್ಷ ಜನರನ್ನು ದಾಟಿಸಿದ ಆ ಕೈಗಳು ಹನ್ನೆರಡು ದಿನಗಳಿಂದ ಸುಮ್ಮನಿರಲಾರದೆ ಹಗ್ಗ ಹೊಸೆಯುತ್ತಿದ್ದವು, ಹೊಸೆದದ್ದನ್ನು ಬಿಚ್ಚುತ್ತಿದ್ದವು. ಅದು ಯುದ್ಧದ ಕಾಲ. ಕುಂದಾಪುರದ ಪೇಟೆಯಲ್ಲಿ ವಾಂತಿಭೇದಿ ಹಬ್ಬಿ ಸರ್ಕಾರದ ಹುಕುಂ ಬಂದಿತ್ತು. ಮೀನಿನ ಸಂತೆ ಬಂದ್, ಕಾಯಿಲೆ ಕಂಡ ಮನೆಗೂ ಅಂಗಡಿಗೂ ಬೀಗ, ಕಡವು ಬಂದ್. ಡಂಗುರದವನು ದಡದಲ್ಲಿ ಸಾರುವಾಗ ಸೂರ ನಡುಹೊಳೆಯಲ್ಲಿದ್ದ. 'ಕಡವು ಬಂದ್' ಎಂಬಷ್ಟು ಗಾಳಿಯಲ್ಲಿ ಕೇಳಿತು; ಮುಂದಿನದು ಕೇಳಲಿಲ್ಲ. ಹುಕುಮಿನ ಕಾಗದವನ್ನು ಎರಡೂ ದಡಗಳ ಕಡವಿನ ಕಂಬಕ್ಕೆ ಅಂಟಿಸಿ ಹೋದರು. ಅಕ್ಷರ ಬಾರದ ಸೂರ ದಿನವೂ ಅದಕ್ಕೆ ಕೈಮುಗಿಯುತ್ತಿದ್ದನೇ ಹೊರತು ಅದರಲ್ಲಿ ಏನು ಬರೆದಿದೆಯೆಂದು ಯಾರನ್ನೂ ಕೇಳಲಿಲ್ಲ.

ಮರುದಿನವೇ, ಒಣಮೀನು ಮಾರಲು ಪೇಟೆಗೆ ಹೋಗಿದ್ದ ನೆರೆಮನೆಯ ಮುದುಕಿ ಸೀತು ಆಚೆ ದಡದಿಂದ ಬಟ್ಟೆ ಬೀಸಿದಳು. ಸೂರ ದೋಣಿಯನ್ನು ದಡದ ಹತ್ತಿರಕ್ಕೆ ಒಯ್ದು, ದಾಟಿಸಲು ಹುಕುಂ ಇಲ್ಲವೆಂದು ಹೇಳಿ ತಿರುಗಿಸಿದ್ದ. "ಸೂರಾ, ನಿನ್ನ ಎತ್ತಿ ಆಡ್ಸಿದವ್ಳ್ ನಾನ್..." ಎನ್ನುತ್ತ ಆಕೆ ಮೊಣಕಾಲುದ್ದ ನೀರಿಗೆ ಇಳಿದು ಬಂದಿದ್ದಳು. ನಾಲ್ಕನೆಯ ದಿನ, ಯಾರದೋ ಅಂಗಡಿಯ ಜಗಲಿಯಲ್ಲಿ ಆಕೆ ತೀರಿಕೊಂಡ ಸುದ್ದಿ ಬಂತು. ಅಂದಿನಿಂದ ಆಕೆಯ ಮಗ ಸೋಮ ಸೂರನ ಮುಖ ನೋಡಿರಲಿಲ್ಲ.

"ಸೀತಕ್ಕನಿಗೆ ಇಲ್ಲೆ ಅಂದವ, ಮಗ್ಳಿಗೆ ಹೇಂಗೆ ಹೌದ್ ಅಂಬುದು?" ಸೂರ ಹುಟ್ಟನ್ನು ಕಾಲಿನಿಂದ ಆಚೆ ಸರಿಸಿದ.

"ಕರ್ಕಂಡ್ ಬಪ್ಪುದ್ ಬ್ಯಾಡ. ಎಂತ ಆಯ್ತ್ ಅಂತಾರೂ ಕೇಂಡ್ಕಂಡ್ ಬಪ್ಪ. ನಾನೂ ಬತ್ತೆ!" ಗುಣವತಿ ಆಗಲೇ ದೋಣಿಯ ಕಡೆಗೆ ಓಡುತ್ತಿದ್ದಳು.

ಆಚೆ ದಡದಲ್ಲಿ ತುಂಬು ಗರ್ಭಿಣಿ ವನಜ ಕಡವಿನ ಕಂಬವನ್ನು ತಬ್ಬಿ ನಿಂತಿದ್ದಳು. ಬಟ್ಟೆಯ ಗಂಟು ಅವಳ ಕಾಲ ಬಳಿ ಇತ್ತು. ಹತ್ತು ಮಾರು ದೂರದಲ್ಲಿ ಅವಳ ಅತ್ತೆ ಸುಗಂಧಿ ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಹ್ವಾಯ್ ಸೂರಣ್ಣ, ನಿಮ್ ಮಗ್ಳನ್ನ ನೀವೇ ಕರ್ಕಣಿ! ಬೆಳಿಗ್ಗಿಂದ ಕಾರ್ತಾ ಇತ್ತ್. ಇನಿಸ್ಪೆಕ್ಟರ್ ಕಂಡ್ರೆ ನಮ್ ಚಾ ಹೋಟ್ಲಿಗೆ ಬೀಗ! ಬೊಂಬಾಯಲ್ಲಿಪ್ಪ ಮಗನಿಗೆ ನಾನ್ ಎಂತ ಹೇಳ್ಲಿ?"

"ಹೆರಿಗಿ ಬ್ಯಾನಿಗೆ ಕಾರುದ್ ಅಂತ ಗೊತ್ತಿಲ್ಯಾ ನಿಮ್ಗೆ?" ಗುಣವತಿ ದೋಣಿಯಲ್ಲೇ ಎದ್ದು ನಿಂತಳು. "ನೀವ್ ಹೆತ್ತದ್ ಎಂತ, ಚಾ ಪಾತ್ರಿಯಾ?"

ಸೂರ ಮಾತ್ರ ದೋಣಿಯನ್ನು ದಡಕ್ಕೆ ತಾಗಿಸಲಿಲ್ಲ. ಅದೇ ಜಾಗ... ಸೀತಕ್ಕ ಇಳಿದು ಬಂದಿದ್ದ ಅದೇ ನೀರು! "ಹುಕುಂ ಇಲ್ಲೆ ಮಗಾ..." ಎಂದ. ಮುಖ ತಗ್ಗಿಸಿ ನೀರಿಗೇ ಹೇಳಿದಂತೆ ಹೇಳಿದ.

"ಯಾರ್ ಹೇಳ್ರ್ ಅಪ್ಪಯ್ಯ? ಕಾಗ್ದ ಇಲ್ಲೇ ಇತ್ತಲ್ದಾ!"

ವನಜ ನಾಲ್ಕನೆಯ ತರಗತಿಯವರೆಗೆ ಓದಿದವಳು. ನೋವು ಬಂದಾಗ ತುಟಿ ಕಚ್ಚುತ್ತ, ಹೋದಾಗ ಉಸಿರು ಹಿಡಿದು ಕಂಬದ ಕಾಗದವನ್ನು ಓದಿದಳು. "'ದಾಟಲೇಬೇಕಾದವರು... ಜನವಸತಿ ಇಲ್ಲದ ಸ್ಥಳದಲ್ಲಿ ಐದು ದಿನ... ಪ್ರತ್ಯೇಕವಾಗಿದ್ದು... ಕಾಯಿಲೆ ಕಾಣದಿದ್ದಲ್ಲಿ ಊರನ್ನು ಪ್ರವೇಶಿಸಬಹುದು...' ಅಪ್ಪಯ್ಯ, ನಡು ಹೊಳಿಲಿ ಕುದ್ರು ಇತ್ತಲ್ದಾ! ಅಲ್ಲಿ ಯಾರಿದ್ರ್?"

ಸೂರನ ಕೈಯಿಂದ ಹುಟ್ಟು ಜಾರಿತು.

"ಇನ್ನೊಂದ್ ಸಲ ಓದ್, ಮಗಾ."

ಅವಳು ಓದಿದಳು.

"ಎಷ್ಟ್ ದಿನ?"

"ಐದ್."

"ಐದೇ ದಿನ... ಐದೇ ದಿನ! ಅಯ್ಯೋ ಸೀತಕ್ಕಾ...!" ಆ ಕೂಗಿಗೆ ಸುಗಂಧಿ ಕೂಡ ಸೆರಗು ಸರಿಸಿ ನೋಡಿದಳು. ಮಗಳನ್ನು ಎತ್ತಿ ದೋಣಿಯಲ್ಲಿ ಮಲಗಿಸಿದ್ದು ಸೂರನೇ. ಆದರೆ ಯಾರನ್ನು ಎತ್ತುತ್ತಿದ್ದೇನೆಂಬ ಅರಿವು ಅವನಿಗೆ ಆಗ ಇತ್ತೋ ಇಲ್ಲವೋ, ದೇವರೇ ಬಲ್ಲ.

ಕುದ್ರು ಎಂಬ ಆ ನಡುಗಡ್ಡೆಯ ಮರಳಿಗೆ ದೋಣಿ ತಾಗುವಷ್ಟರಲ್ಲಿ ನೋವು ಹೆಚ್ಚಿತು. ಇಳಿಸಲು ಸಮಯವಿರಲಿಲ್ಲ. ಚೊಚ್ಚಲ ಹೆರಿಗೆ ತಾಯಿಮನೆಯಲ್ಲೇ ಆಗಬೇಕು ಎಂದು ಅಳುತ್ತಿದ್ದ ಮಗಳಿಗೆ ಗುಣವತಿ, "ಈ ದೋಣಿ ಯಾರದ್ದ್ ಮಗಾ? ಇದೇ ನಿನ್ ತಾಯಿಮನಿ. ಉಸ್ರ್ ಕಟ್ಟಿ ಮುಕ್ಕ್!" ಎಂದು ಗದರಿದಳು; ಗದರುತ್ತಲೇ ಹಟ್ಟಿಯಂಗಡಿಯ ಗಣಪನಿಗೆ ಹರಕೆ ಹೊತ್ತಳು. ಹೊತ್ತು ಇಳಿಯುವ ಮೊದಲು ಹೆಣ್ಣುಮಗು ಅತ್ತಿತು. ಸೂರ ನೀರಿನಲ್ಲಿ ಸೊಂಟದವರೆಗೆ ನಿಂತು, ದೋಣಿ ಅಲುಗದಂತೆ ಹಿಡಿದೇ ಇದ್ದ.

ಮೂರನೆಯ ದಿನ ಸೋಮ ತನ್ನ ಸಣ್ಣ ದೋಣಿಯಲ್ಲಿ ಬಂದು ಮರಳಿನ ತುದಿಯಲ್ಲಿ ಗಂಜಿಯ ಮಡಕೆ ಇಟ್ಟ. "ವನಜನಿಗೆ," ಎಂದಷ್ಟೇ ಹೇಳಿ ತಿರುಗಿದ.

"ಸೋಮಾ, ನಿಲ್." ಸೂರ ದೂರದಿಂದಲೇ ಮರಳಿನ ಮೇಲೆ ಕುಸಿದು ಕುಳಿತ. "ನಿನ್ ಅಮ್ಮನ್ನ ಇಲ್ಲಿ ಕೂರ್ಸ್ಲಕ್ಕಿತ್ತ್. ಕಾಗ್ದದಲ್ಲಿ ಇತ್ತಂಬ್ರ್. ನಾನ್ ಯಾರ್ ಹತ್ರವೂ ಕೇಂಡಿಲ್ಲೆ..."

ಸೋಮ ಹುಟ್ಟನ್ನು ಮರಳಿಗೆ ಊರಿ ನಿಂತ. ಇಳಿತದ ನೀರು ಅವನ ದೋಣಿಯನ್ನು ಎಳೆಯುತ್ತಿತ್ತು.

"ನಂಗೂ ಓದುಕ್ ಬತ್ತಿಲ್ಲೆ ಸೂರಣ್ಣ," ಎಂದ ಕೊನೆಗೆ. "ಆದ್ರೆ ನಾನಾಗಿದ್ರೆ ಕೇಣ್ತಿದ್ದೆ."

ಹಾಗೆ ಹೇಳಿ ಹೊರಟುಹೋದ. ಬೈದಿದ್ದರೆ, ಹೊಡೆದಿದ್ದರೆ ಸೂರ ಆ ರಾತ್ರಿ ಕಣ್ಣು ಮುಚ್ಚುತ್ತಿದ್ದನೇನೋ!

ಐದು ದಿನ ಕಳೆಯಿತು. ಯಾರಿಗೂ ಕಾಯಿಲೆ ಕಾಣಲಿಲ್ಲ. ಆರನೆಯ ಬೆಳಿಗ್ಗೆ ಸೂರ ಹೆಂಡತಿ, ಮಗಳು, ಮೊಮ್ಮಗಳನ್ನು ಗಂಗೊಳ್ಳಿಯ ದಡದಲ್ಲಿ ಇಳಿಸಿದ. ನೆರೆಹೊರೆಯವರೆಲ್ಲ ಬಂದು ಮಗುವನ್ನು ನೋಡಿದರು. ಸೂರ ಮಾತ್ರ ದೋಣಿಯಿಂದ ಇಳಿಯಲಿಲ್ಲ.

"ಹ್ವಾಯ್, ಇಳಿನಿ. ಎಂತ ಕಾಂತಿದ್ರಿ?" ಎಂದಳು ಗುಣವತಿ.

"ನೀನ್ ನಡಿ. ನಿಮ್ ಐದ್ ದಿನ ಮುಗೀತ್." ಅವನು ದೋಣಿಯನ್ನು ದಡದಿಂದ ನೂಕಿದ. "ಸೀತಕ್ಕನ ಐದ್ ದಿನ ಬಾಕಿ ಇತ್ತ್."

ಗುಣವತಿ ಕೂಗಿದಳು, ಅತ್ತಳು... ಅವನು ತಿರುಗಿ ನೋಡಲಿಲ್ಲ. ಯಾರೂ ಇಲ್ಲದ ಕುದ್ರುವಿಗೆ ಒಬ್ಬನೇ ಹೋಗಿ, ದೋಣಿಯ ನೆರಳಲ್ಲಿ ಬಟ್ಟೆ ಹಾಸಿದ; ತನಗಲ್ಲ, ಪಕ್ಕದಲ್ಲಿ, ಒಬ್ಬ ಮುದುಕಿ ಕುಳಿತುಕೊಳ್ಳುವಷ್ಟು ಅಗಲಕ್ಕೆ.

ಸಂಜೆ ನೀರು ಏರುವ ಹೊತ್ತಿಗೆ ಸೋಮನ ದೋಣಿ ಬಂತು. ಅವನು ಗಂಜಿಯ ಮಡಕೆಯನ್ನು ಮರಳಿನ ತುದಿಯಲ್ಲಿಟ್ಟ. ಈ ಸಲ ತಿರುಗಿ ಹೋಗಲಿಲ್ಲ. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಸೂರ ಉಂಡು ಮುಗಿಸುವವರೆಗೆ ಅಲ್ಲೇ ನೀರಿನ ಮೇಲೆ ಕಾದು ಕುಳಿತ.