ಹೆಬ್ಬೆರಳಿನ ಅಳತೆ

ಮೂರನೇ ತಿರುವಿನಲ್ಲಿ ಸಂತೋಷ್ ಬಿದ್ದ. ಬೈಕು ಇಪ್ಪತ್ತು ಅಡಿ ಜಾರಿ ಬೇಲಿಗೆ ಬಡಿದು ನಿಂತಿತು. ಮೂಳೆ ಮುರಿದ ಅವನನ್ನು ಆಂಬ್ಯುಲೆನ್ಸ್ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದ ಮೇಲೆ, ರೇಸಿನ ಗಾಡಿಗಳನ್ನು ತಪಾಸಣೆ ಮಾಡುವ ಪ್ರಮೋದಾ ಮುಂದಿನ ಚಕ್ರದ ಪಕ್ಕ ಕೂತಳು. ವಾಲ್ವಿನ ಮುಚ್ಚಳ ಬಿಚ್ಚಿ, ಗಾಳಿ ಅಳೆಯುವ ಅಪ್ಪನ ಕಾಲದ ಹಿತ್ತಾಳೆ ಗೇಜನ್ನು ಒತ್ತಿದಳು.

ಮುಳ್ಳು ಹದಿನಾಲ್ಕಕ್ಕೆ ನಿಂತಿತು.

ಬೆಳಿಗ್ಗೆ ಅದೇ ಟೈರನ್ನು ಅವಳೇ ಅಳೆದಿದ್ದಳು. ಆಗ ಇಪ್ಪತ್ತನಾಲ್ಕು ಪೌಂಡ್ ಗಾಳಿ ಇತ್ತು. ಅದಕ್ಕಿಂತ ಕಡಿಮೆ ಇರಕೂಡದೆಂದು ನಿಯಮ. ಗಾಳಿ ತಗ್ಗಿಸಿದರೆ ಟೈರು ಅಗಲವಾಗಿ ನೆಲ ಕಚ್ಚುತ್ತದೆ, ಹಿಡಿತ ಸಿಗುತ್ತದೆ. ಆದರೆ ವೇಗದಲ್ಲಿ ತಿರುಗಿಸಿದರೆ ಮಡಿಚಿಕೊಂಡು ಸವಾರನನ್ನು ಎಸೆಯುತ್ತದೆ.

ಆದಿನಾರಾಯಣಪ್ಪ ಬಂದರು. ಮಾಕಳಿದುರ್ಗದ ಕೆಳಗಿನ ಈ ಹೊಲ ಅವರದು. ರೇಸ್ ನಡೆಸುವವರೂ ಅವರೇ.

“ಗೆಲ್ಲಕ್ಕೆ ಗಾಳಿ ಬಿಟ್ಕೊಂಡವ್ನೆ. ಎರಡು ವರ್ಷ ಬ್ಯಾನ್ ಅಂತ ಬರೀಮ್ಮ.”

“ಪಂಕ್ಚರ್ ಆಗಿದ್ರೆ?”

“ನೋಡ್ಕೋ. ನಾಲ್ಕು ಗಂಟೆಗೆ ರಿಪೋರ್ಟ್ ಬೇಕು.”

ಸಂತೋಷ್ ಮಗ್ಗದವರ ಮನೆಯ ಹುಡುಗ. ಮುಂದಿನ ವರ್ಷದ ಒಂದು ಕಂಪನಿ ತಂಡದ ಆಯ್ಕೆಗೆ ಕರೆ ಬಂದಿತ್ತು. ಬ್ಯಾನ್ ಬಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

* * *

ಚಕ್ರ ಕಳಚಿ ನೀರಿನ ತೊಟ್ಟಿಯಲ್ಲಿ ಅದ್ದಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಹಾಗಾದರೆ ಗಾಳಿಯನ್ನು ಯಾರೋ ಬಿಟ್ಟಿದ್ದಾರೆ.

ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ವಾಲ್ವಿನ ಮುಚ್ಚಳ ತೆಗೆದು ನೋಡಿದಳು. ಒಳಗೆ ಒಣಗಿದ ಕೆಂಪು ಕಲೆ.

ಅಳತೆಯಾದ ಮೇಲೆ ರೇಸ್ ಶುರುವಾಗುವವರೆಗೂ ಬೈಕುಗಳು ಶೆಡ್ಡಿನಲ್ಲಿದ್ದವು. ಸವಾರರಿಗೆ ಪ್ರವೇಶವಿಲ್ಲ. ಗಾಡಿಗಳಿಗೆ ಪೂಜೆ ಮಾಡಿದ್ದು ಆದಿನಾರಾಯಣಪ್ಪನವರ ತಾಯಿ ಅಕ್ಕಯಮ್ಮ.

“ಅಜ್ಜಿ, ಈ ಮುಚ್ಚಳದ ಒಳಗೂ ಕುಂಕುಮ ಇಟ್ರಾ?”

“ಒಳಗೆ ಯಾರಾದ್ರೂ ಇಡ್ತಾರೇನೇ? ಅಷ್ಟೊಂದು ಓದಿದ್ದೀಯ.”

“ಸಂತೋಷ್ ಶೆಡ್ಡಿಗೆ ಬಂದಿದ್ನಾ?”

“ಇಲ್ಲ. ಸುನಿಲ ಒಬ್ಬ ನುಗ್ಗಿ ಬಂದ, ಬೈದು ಕಳಿಸ್ದೆ. ಗಾಳಿ ಹಾಕೋ ಪಿಳ್ಳಣ್ಣನ ಬಿಟ್ರೆ ಇನ್ಯಾರೂ ಇರ್ಲಿಲ್ಲ.”

ಸುನಿಲ್‌ಕುಮಾರ್ ಸಂತೋಷನ ಎದುರಾಳಿ. ಎರಡು ಸಲ ಅವನಿಗೆ ಸೋತವನು. ಸುನಿಲನನ್ನು ಕರೆಸಿ ಕೇಳಿದಳು.

“ಗ್ಲೌಸ್ ಮರೆತಿದ್ದೆ ಮೇಡಂ. ಅವ್ನ ಗಾಡಿ ಮುಟ್ಟಿಲ್ಲ. ಅವ್ನು ಬಿದ್ದು ನಾನು ಗೆದ್ರೆ ನಮ್ಮ ಹುಡುಗ್ರೇ ಆಡ್ಕೋತಾರೆ.”

ಕುಂಕುಮವಲ್ಲದಿದ್ದರೆ ಆ ಕೆಂಪು ಎಲೆ ಅಡಿಕೆಯದಿರಬೇಕು. “ಎಲೆ ಅಡಿಕೆ ಹಾಕ್ತೀಯಾ?”

“ಅದೆಲ್ಲ ನಮ್ಮ ತಾತಂಗೆ ಕೇಳಿ.” ನಕ್ಕ. ಹಲ್ಲು ಬೆಳ್ಳಗಿದ್ದವು.

ಅವನು ಹೋದ ಮೇಲೆ ಮುಚ್ಚಳವನ್ನು ಮೂಸಿದಳು. ಲವಂಗ.

ಆ ವಾಸನೆ ಅವಳಿಗೆ ಏಳು ವರ್ಷದವಳಿದ್ದಾಗಿನಿಂದಲೇ ಗೊತ್ತಿತ್ತು. ಆಗ ಇದು ಉತ್ತ ಹೊಲ, ಕಾಲಿಟ್ಟರೆ ಹೂತುಹೋಗುವ ಮಣ್ಣು. ಅಪ್ಪ ಚಿಕ್ಕಬೀರಪ್ಪ ಹೆಲ್ಮೆಟ್ ಬಿಗಿದುಕೊಳ್ಳುತ್ತಿದ್ದ. ಅವಳು ಆಯಿಲ್ ಡಬ್ಬದ ಮೇಲೆ ಕಾಲಾಡಿಸುತ್ತ ಕೂತಿರುತ್ತಿದ್ದಳು. ಪಿಳ್ಳಣ್ಣ ಮಾಮ ಲವಂಗ ಚುಚ್ಚಿದ ಎಲೆ ಅಡಿಕೆ ಬಾಯ್ತುಂಬ ಹಾಕಿಕೊಂಡು ಟೈರನ್ನು ಹೆಬ್ಬೆರಳಿನಿಂದ ಒತ್ತಿ, “ಸಾಕು, ಹೊರಡೋ ಬೀರಾ” ಎನ್ನುತ್ತಿದ್ದರು. ಆಗ ಗೆದ್ದ ಮೂರು ಕಪ್‌ಗಳು ಈಗಲೂ ಟ್ರಂಕಿನಲ್ಲಿವೆ. ಶೋಕೇಸಿನಲ್ಲಿಡಲು ಅಪ್ಪ ಕೊನೆಯವರೆಗೂ ಒಪ್ಪಲಿಲ್ಲ. ಸಂಕೋಚವಿರಬೇಕು ಅಂದುಕೊಂಡಿದ್ದಳು.

ಗಂಟೆ ಮೂರೂವರೆ ಆಗಿತ್ತು.

* * *

“ಮಾಮ, ನನ್ನ ಗಾಡಿ ಟೈರಿಗೆ ಸ್ವಲ್ಪ ಗಾಳಿ ಹಾಕ್ತೀರಾ?”

ಪಿಳ್ಳಣ್ಣ ಕಂಪ್ರೆಸರ್ ಬಳಿಯಿಂದ ಎದ್ದು ಬಂದರು. ಗಾಳಿ ತುಂಬಿದರು. ಪೈಪು ತೆಗೆದರು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ವಾಲ್ವಿನ ಬಾಯಿಗೆ ಉಗುಳು ಸವರಿ, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿದರು. ನಂತರ ಮುಚ್ಚಳ ತಿರುಗಿಸಿದರು.

ಪ್ರಮೋದಾ ಆ ಮುಚ್ಚಳ ಬಿಚ್ಚಿ ಅಂಗೈ ಮೇಲಿಟ್ಟಳು. ಪಕ್ಕದಲ್ಲಿ ಸಂತೋಷನ ಬೈಕಿನದು. ಎರಡರ ಒಳಗೂ ಒಂದೇ ಕೆಂಪು.

“ಕೆಡಿಸಬೇಕು ಅಂತ ಬಂದೋರು ಗಾಳಿ ಬಿಟ್ಟು ಓಡಿಹೋಗ್ತಾರೆ” ಎಂದಳು, ರಿಪೋರ್ಟಿಗಾಗಿ ಬಂದು ನಿಂತಿದ್ದ ಆದಿನಾರಾಯಣಪ್ಪನವರಿಗೆ. “ಹದಿನಾಲ್ಕಕ್ಕೆ ನಿಲ್ಲಿಸಿ, ಇನ್ನು ಸೋರ್ತಿಲ್ಲ ತಾನೇ ಅಂತ ಉಗುಳು ಹಚ್ಚಿ ನೋಡೋದು ಟೈರ್ ಕೆಲಸದೋರು ಮಾತ್ರ. ಸಂತೋಷ್ ಶೆಡ್ಡಿಗೆ ಬಂದೇ ಇಲ್ಲ. ಸುನಿಲ್ ಎಲೆ ಹಾಕಲ್ಲ.”

ಪಿಳ್ಳಣ್ಣ ಅಲ್ಲೇ ಮಣ್ಣಿನ ಮೇಲೆ ಕೂತರು.

“ನಿಮ್ಮಪ್ಪನ ಥರಾನೇ ಓಡಿಸ್ತಾನೆ ಮಗಾ ಅವ್ನು. ಹಂಗೇ ಹೆಗಲು ಓರೆ ಮಾಡಿ. ಬೀರನಂಗೇ ಗೆಲ್ಲೋದನ್ನ ಇನ್ನೊಂದ್ಸಲ ನೋಡೋಣ ಅಂತ ಆಸೆ ಆಯ್ತು. ಅವನಿಗೆ ಹೇಳಿರಲಿಲ್ಲ.”

“ಇದು ಉತ್ತ ಹೊಲ ಅಲ್ಲ ಮಾಮ. ಗಟ್ಟಿ ಮೊರಂ ಮಣ್ಣು ಹಾಕಿ ರೋಲರ್ ಓಡಿಸಿದ್ದಾರೆ. ವೇಗ ಎರಡರಷ್ಟಾಗಿದೆ.”

“ಬೆರಳಿಗೆ ಹಳೇ ಲೆಕ್ಕಾನೇ ಗೊತ್ತಿರೋದು.” ಅವರು ತಲೆ ಎತ್ತಲಿಲ್ಲ. “ಹುಡುಗನ ಮೂಳೆ ಕೂಡ್ಕೊಳುತ್ತಾ?”

“ಕೂಡ್ಕೊಳುತ್ತೆ.” ಪ್ರಮೋದಾ ಕೇಳಿದಳು. “ಅಪ್ಪಂಗೂ ಹೀಗೇ ಮಾಡ್ತಿದ್ರಾ? ಅಳತೆ ಆದ್ಮೇಲೆ?”

“ಅವನಿಗೂ ಗೊತ್ತಿರ್ಲಿಲ್ಲ. ಮೂರನೇ ಕಪ್ ದಿವಸ ಸಿಕ್ಕಿಬಿದ್ದೆ. ಅವ್ನು ಮಾರನೇ ದಿನ ಬೆಂಗಳೂರಿಗೆ ಹೋಗಿ ಆ ಹಿತ್ತಾಳೆ ಗೇಜ್ ತಂದ. ಆಮೇಲೆ ತಾನೇ ಅಳೀತಿದ್ದ.”

ಆಮೇಲೆ ಅಪ್ಪ ಒಂದು ರೇಸನ್ನೂ ಗೆಲ್ಲಲಿಲ್ಲ. ವಯಸ್ಸಾಯಿತೆಂದು ಅವಳು ನಂಬಿದ್ದಳು. ಆಗ ಅವನಿಗೆ ಮೂವತ್ತೊಂದು.

ಸಂತೋಷನ ತಪ್ಪಿಲ್ಲ ಎಂದು ಬರೆದು, ಪಿಳ್ಳಣ್ಣನ ಹೆಸರನ್ನೂ ಬರೆದು ಸಹಿ ಹಾಕಿದಳು. ಹಿತ್ತಾಳೆ ಗೇಜನ್ನು ಸೆರಗಿನಲ್ಲಿ ಒರೆಸಿದಳು. ಮನೆಗೆ ಹೋದ ಮೇಲೆ ಕಪ್‌ಗಳನ್ನು ಟ್ರಂಕಿನಲ್ಲೇ ಬಿಟ್ಟು, ಅದನ್ನು ಶೋಕೇಸಿನಲ್ಲಿಟ್ಟಳು.